ಸುತ್ತಿಗೆಯ ತೂಕ

ಅಹಮದಾಬಾದಿಗೆ ಬಂದ ಹೊಸತರಲ್ಲಿ ನಾವು ಹಳೆಯ ನಗರದ ಒಂದು ಪೋಳದಲ್ಲಿ ಬಾಡಿಗೆಗಿದ್ದೆವು. ಪೋಳವೆಂದರೆ ಒಂದೇ ಹೆಬ್ಬಾಗಿಲಿನೊಳಗೆ ಮನೆಗೆ ಮನೆ ತಗುಲಿ ನಿಂತ ಕೇರಿ. ಒಂದು ಮಳೆಗಾಲದಲ್ಲಿ ಜಗಲಿಯ ಮೇಲಿನ ತೊಲೆಯ ಕೀಲು ಸಡಿಲವಾಯಿತು. ಭಾರವಾದಷ್ಟೂ ಒಳ್ಳೆಯದೆಂದು ಬಗೆದು ಪೇಟೆಯಿಂದ ಒಂದು ಕಿಲೋ ತೂಕದ ಸುತ್ತಿಗೆಯನ್ನು ತಂದು ನಾಲ್ಕು ಏಟು ಹಾಕಿದೆವು. ಕೀಲು ಕೂಡಲಿಲ್ಲ; ಹಳೆಯ ತೇಗದ ಬೋದಿಗೆಯ ಅಂಚು ಸೀಳಿಹೋಯಿತು. ಮರುದಿನ ಬಂದ ವೃದ್ಧ ಸುತಾರ ಕಾಕಾ ಸೀಳನ್ನು ಬೆರಳಿನಿಂದ ಸವರಿ ನೋಡಿ, "ಭಾಯಿ, ಇದು ಹಥೋಡಾದ ಕೆಲಸವಲ್ಲ, ಮೋಗರಿಯ ಕೆಲಸ" ಎಂದರು. ಅವರು ಚೀಲದಿಂದ ತೆಗೆದದ್ದು ಮರದ ಬಡಿಗೆ. ನಮ್ಮ ಊರಿನ ಬಡಗಿಗಳು ಅದನ್ನೇ ಕೊಡತಿ ಎನ್ನುತ್ತಾರೆ.

ಆ ದಿನದ ಪಾಠವೇ ಈ ಲೇಖನಕ್ಕೆ ಕಾರಣ. ಗುಜರಾತಿಯಲ್ಲಿ ಚಿಕ್ಕದು ಹಥೋಡಿ, ದೊಡ್ಡದು ಹಥೋಡೊ, ಮರದ್ದು ಮೋಗರಿ, ಕಮ್ಮಾರನ ಭಾರಿಯದು ಘಣ. ಕನ್ನಡದಲ್ಲಿ ಸುತ್ತಿಗೆ, ಕೊಡತಿ, ಸಮ್ಮಟಿಗೆ. ನಮ್ಮ ನಾಡು ಒಂದುಗೂಡಿದ 1956ರಲ್ಲೇ ದೇಶಕ್ಕೆ ಮೆಟ್ರಿಕ್ ತೂಕ ಅಳತೆಗಳ ಕಾಯಿದೆಯೂ ಬಂತು. ಗ್ರಾಮಿನ ಲೆಕ್ಕ ಬರುವುದಕ್ಕೆ ಬಹುಕಾಲ ಮೊದಲೇ ಬಡಗಿಗೆ ಉಪಕರಣದ ಹೆಸರೇ ಅದರ ತೂಕವನ್ನೂ ಕೆಲಸವನ್ನೂ ತಿಳಿಸುತ್ತಿತ್ತು.

ಅಹಮದಾಬಾದು 1411ರಲ್ಲಿ ಸುಲ್ತಾನ ಅಹಮದ ಶಹನು ಕಟ್ಟಿದ ನಗರ. ಇಲ್ಲಿಯ ಪೋಳದ ಮನೆಗಳಿಗೆ ಮರವೇ ಅಸ್ಥಿಪಂಜರ, ಇಟ್ಟಿಗೆ ಬರಿಯ ಮಾಂಸ. ಒಂದು ಮರದ ತುದಿಯನ್ನು ನಾಲಗೆಯಂತೆ ಸವರಿ, ಇನ್ನೊಂದರಲ್ಲಿ ತೋಡಿದ ಕುಳಿಯೊಳಗೆ ಕೂಡಿಸುವುದು ಇದರ ಮರ್ಮ. ಇಂಥ ಕೀಲಿಗೆ ಕಬ್ಬಿಣದ ಏಟು ಬಿದ್ದರೆ ಮರದ ನಾರು ಜಜ್ಜಿಹೋಗುತ್ತದೆ. ಕೊಡತಿಯ ಮುಖ ಅಗಲ, ಅದರ ಏಟು ಮೆತ್ತಗೆ. ಅದು ಮರವನ್ನು ಗಾಯಗೊಳಿಸದೆ ದೂಡುತ್ತದೆ. ಉಳಿಯ ಹಿಡಿಗೂ ಇದೇ ನ್ಯಾಯ.

ಈ ಕೀಲುಗಳ ಪರೀಕ್ಷೆಯನ್ನು ಭೂಮಿಯೇ ನಡೆಸಿತು. 1819ರ ಜೂನ್ 16ರ ಕಚ್ಛದ ಭೂಕಂಪದಲ್ಲಿ ಅಹಮದಾಬಾದಿನ ಜಾಮಾ ಮಸೀದಿಯ ಮಿನಾರುಗಳು ಉರುಳಿದವು. 2001ರ ಜನವರಿ 26ರ ಬೆಳಿಗ್ಗೆ ಭುಜ್ ಕಡೆಯ ಭೂಕಂಪಕ್ಕೆ ನಗರದ ಹಲವು ಬಹುಮಹಡಿ ಕಾಂಕ್ರೀಟು ಕಟ್ಟಡಗಳು ಕುಸಿದು ನೂರಾರು ಜನ ಮಡಿದರು. ಪೋಳದ ಮನೆಗಳಿಗೂ ಪೆಟ್ಟು ತಗುಲಿತು. ಆದರೂ ಬಹುಪಾಲು ನಿಂತುಕೊಂಡವು. ಕೂಡಿಸಿದ ಮರ ನೆಲದೊಡನೆ ತುಸು ಅಲುಗಾಡಿ, ಅಲುಗಾಟದ ಬಲವನ್ನು ತಾನೇ ನುಂಗಬಲ್ಲದು. 2017ರಲ್ಲಿ ಯುನೆಸ್ಕೋ ಸಂಸ್ಥೆ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ನಗರವೊಂದಕ್ಕೆ ಆ ಮನ್ನಣೆ ಸಂದದ್ದು ಅದೇ ಮೊದಲು.

ಮರಕ್ಕೆ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. 1837ರ ಏಪ್ರಿಲಿನಲ್ಲಿ ಸೂರತ್ತಿಗೆ ಬಿದ್ದ ಬೆಂಕಿ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಆದರೆ ಅದೇ ಸೂರತ್ತು ಹಡಗಿನ ಬಡಗಿಗಳ ತವರೂ ಹೌದು. ಲವಜಿ ನಸರವಾನಜಿ ವಾಡಿಯಾ 1736ರಲ್ಲಿ ಅಲ್ಲಿಂದಲೇ ಮುಂಬಯಿಗೆ ಹೋದರು. ಅವರ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲೀ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ಹಡಗಿನ ಕೆಲಸದಲ್ಲಿ ಎರಡೂ ಬಗೆಯ ಏಟು ಬೇಕು: ಲೋಹದ ಕೀಲುಗಳನ್ನು ಇಳಿಸಲು ಭಾರವಾದ ಕಬ್ಬಿಣ, ಹಲಗೆಗಳ ಸಂದಿಗೆ ನಾರು ತುಂಬಲು ಮರದ ಕೊಡತಿ.

ಹಾಗಾದರೆ ನಾವು ಕೊಂಡ ಕಬ್ಬಿಣದ ಸುತ್ತಿಗೆ ಯಾರಿಗಾಗಿ? ಮೊಳೆಗಾಗಿ. 1830ರ ದಶಕದಲ್ಲಿ ಅಮೆರಿಕೆಯ ಶಿಕಾಗೋದ ಕಡೆ, ಯಂತ್ರದ ಮೊಳೆಗಳು ಅಗ್ಗವಾದ ಕಾಲದಲ್ಲಿ, ತೆಳುವಾದ ಮರದ ಪಟ್ಟಿಗಳಿಗೆ ಮೊಳೆ ಹೊಡೆದು ಮನೆಯ ಚೌಕಟ್ಟನ್ನೇ ನಿಲ್ಲಿಸುವ ಪದ್ಧತಿ ಬೆಳೆಯಿತು. ಅಲ್ಲಿ ದಿನವಿಡೀ ಮೊಳೆ ಹೊಡೆಯುವವನ ತೋಳೇ ಅಳತೆಗೋಲು. ಸಣ್ಣ ಕೆಲಸಕ್ಕೆ 200ರಿಂದ 300 ಗ್ರಾಂ, ಸಾಮಾನ್ಯ ಬಡಗಿ ಕೆಲಸಕ್ಕೆ 450ರಿಂದ 500 ಗ್ರಾಂ, ಮನೆಯ ಚೌಕಟ್ಟಿಗೆ 550ರಿಂದ 620 ಗ್ರಾಂ ಸಾಕು. ತೂಕ ಇಮ್ಮಡಿಯಾದರೆ ಏಟಿನ ಶಕ್ತಿ ಇಮ್ಮಡಿ. ಬೀಸಿನ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಭಾರದ ಸುತ್ತಿಗೆಯನ್ನು ಎತ್ತಲಾರದೆ ಎತ್ತುವವನಿಗಿಂತ ಹಗುರಾದುದನ್ನು ಚುರುಕಾಗಿ ಬೀಸುವವನೇ ಗೆಲ್ಲುತ್ತಾನೆ, ಅವನ ಮಣಿಕಟ್ಟೂ ಉಳಿಯುತ್ತದೆ.

ಇಂಥ ತಿಳಿವು ಕೈಯಿಂದ ಕೈಗೆ ದಾಟುವಾಗ ಮಾತಿನ ಮೂಲಕವೇ ದಾಟಬೇಕು. ಇದನ್ನು ಅರಿತವರಲ್ಲಿ ತ್ರಿಭುವನದಾಸ ಗಜ್ಜರರು ಒಬ್ಬರು. 1863ರಲ್ಲಿ ಸೂರತ್ತಿನ ಬಡಗಿ ಮನೆತನದಲ್ಲಿ ಹುಟ್ಟಿ ರಸಾಯನಶಾಸ್ತ್ರದಲ್ಲಿ ಹೆಸರಾದ ಅವರು, ಮಹಾರಾಜ ಸಯಾಜಿರಾಯರ ಆಶ್ರಯದಲ್ಲಿ 1890ರಲ್ಲಿ ವಡೋದರೆಯಲ್ಲಿ ತೆರೆದ ಕಲಾಭವನದ ಮೊದಲ ಮುಖ್ಯಸ್ಥರಾದರು. ಕೈಕಸುಬಿನ ಶಾಸ್ತ್ರವನ್ನು ದೇಶಭಾಷೆಯಲ್ಲೇ ಕಲಿಸಬೇಕೆಂಬುದು ಅವರ ಹಟ. ಗುಜರಾತಿಯಲ್ಲಿ ತಾಂತ್ರಿಕ ಪುಸ್ತಕಗಳನ್ನೂ ಅವರು ಬರೆಯಿಸಿದರು.

ಪರನಾಡಿನಲ್ಲಿ ನೆಲಸಿದ ನಾವು ವರ್ಷಕ್ಕೊಮ್ಮೆ ನಾಡಹಬ್ಬ ಮಾಡಿ ಭಾಷೆಯನ್ನು ಕೊಂಡಾಡುತ್ತೇವೆ. ಆದರೆ ನಮ್ಮ ಮಕ್ಕಳಲ್ಲಿ ಕೊಡತಿ, ಬಾಚಿ, ಬೋದಿಗೆ ಎಂಬ ಮಾತುಗಳನ್ನು ಬಲ್ಲವರೆಷ್ಟು ಮಂದಿ? ಆ ಮಾತು ಹೋದರೆ ಅದರೊಡನೆ ಯಾವ ಏಟು ಎಲ್ಲಿಗೆ ಎಂಬ ವಿವೇಕವೂ ಹೋಗುತ್ತದೆ. ಆಗ ಎಲ್ಲ ಕೆಲಸಕ್ಕೂ ಒಂದೇ ಸುತ್ತಿಗೆ. ನಾವು ಸೀಳಿದ ಬೋದಿಗೆಗೆ ಕಾಕಾ ಬೇರೆ ತುಂಡು ಕೂಡಿಸಿ ಕೊಟ್ಟರು. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಮುಂದಿನ ಬಾರಿ ಊರಿಗೆ ಹೋದಾಗ ವಾಚಕರು ಅಲ್ಲಿಯ ಬಡಗಿಯೊಡನೆ ಅರ್ಧ ಗಳಿಗೆ ಕುಳಿತು, ಅವನ ಚೀಲದ ಒಂದೊಂದು ವಸ್ತುವಿನ ಹೆಸರನ್ನೂ ಕೇಳಿ ಬರೆದುಕೊಂಡು ಬಂದರೆ, ಅದೂ ಒಂದು ರಾಜ್ಯೋತ್ಸವವೇ ಸರಿ.