ನೀಲಗಿರಿ ತೋಪು ಮತ್ತು ಎಣ್ಣೆಯ ಅಳತೆ

1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿ ಸೀಮೆಯಲ್ಲಿ, ಅದರಲ್ಲೂ ರಾಣೆಬೆನ್ನೂರಿನ ಸುತ್ತ ಬೆಳೆಸಿದ ನೀಲಗಿರಿ ತೋಪುಗಳೂ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ 1970ರ ದಶಕದಲ್ಲಿ ಬಂದ ಮರದ ತಿರುಳಿನ ಕಾರ್ಖಾನೆಯೂ ಮರ ಕಡಿತವನ್ನು ದೊಡ್ಡ ಕಸುಬಾಗಿಸಿದವು. ಕೊಡಲಿ, ಗರಗಸಗಳ ಜಾಗಕ್ಕೆ ಚೈನ್ ಸಾ ಬಂದಾಗ ಪೆಟ್ರೋಲಿಗೆ ಎಣ್ಣೆ ಬೆರೆಸುವ ವಿದ್ಯೆಯೂ ಬೇಕಾಯಿತು. ಆದರೆ ಮೈಸೂರಿನ ಜಾವಾ, ಯೆಜ್ಡಿ ಬೈಕುಗಳನ್ನೂ ಲೂನಾ ಮೊಪೆಡ್ಡನ್ನೂ ಓಡಿಸಿದವರಿಗೆ, ಬ್ಯಾಡಗಿ ಮೆಣಸಿನಕಾಯಿ ಹೊಲದಲ್ಲಿ ಪವರ್ ಸ್ಪ್ರೇಯರ್ ಬೆನ್ನಿಗೇರಿಸಿದವರಿಗೆ ಅದು ತೀರ ಅಪರಿಚಿತವಾಗಿರಲಿಲ್ಲ.

ಚೈನ್ ಸಾದಲ್ಲೂ ಇರುವ ಇಂಥ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ, ಎಂದರೆ ಪಿಸ್ಟನ್ನಿನ ಎರಡೇ ಚಲನೆಗೆ ಒಂದು ಸುತ್ತು ಮುಗಿಯುವ ಎಂಜಿನ್ನಿನಲ್ಲಿ, ಎಣ್ಣೆಗೆ ಪ್ರತ್ಯೇಕ ತೊಟ್ಟಿ ಇಲ್ಲದ ಕಾರಣ ಇಂಧನವೇ ಜಿಡ್ಡನ್ನೂ ಹೊತ್ತೊಯ್ಯಬೇಕು. ಹಳೆಯ 25:1 ಅಳತೆಯಲ್ಲಿ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಬೀಳುತ್ತಿತ್ತು. ಎಣ್ಣೆಯ ಗುಣಮಟ್ಟ ಸುಧಾರಿಸಿ, 1990ರ ದಶಕದಲ್ಲಿ ಜಪಾನಿನ ಜಾಸೋ ಸಂಸ್ಥೆ ಎಫ್‌ಬಿ, ಎಫ್‌ಸಿಯಂಥ ದರ್ಜೆಗಳನ್ನು ಗೊತ್ತುಮಾಡಿದ ಮೇಲೆ, ತಯಾರಕರು ಒಪ್ಪಿದ ಎಣ್ಣೆಗೆ 50:1, ಎಂದರೆ 20 ಮಿಲಿಲೀಟರ್, ವಾಡಿಕೆಯಾಯಿತು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಗೀರಿ ಜಾಮ್ ಆಗುತ್ತದೆ, ಹೆಚ್ಚಾದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಈ ಎರಡರಲ್ಲಿ ಮೊದಲನೆಯದೇ ಘೋರ, ಏಕೆಂದರೆ ಮಸಿಯನ್ನು ಕೆರೆದು ತೆಗೆಯಬಹುದು, ಗೀರುಬಿದ್ದ ಸಿಲಿಂಡರನ್ನು ಬಹುಪಾಲು ಬದಲಿಸಲೇಬೇಕು. ಕಾರಿನ ಎಂಜಿನ್ ಆಯಿಲ್ ಇದಕ್ಕೆ ಒಗ್ಗದು, ಅದು ಪೂರ್ತಿ ಉರಿದುಹೋಗುವಂತೆ ತಯಾರಾದದ್ದಲ್ಲ. ಚೈನ್ ಸಾದ ಸರಪಳಿಗೆ ಸುರಿಯುವ ಎಣ್ಣೆಯ ಟ್ಯಾಂಕು ಬೇರೆಯೇ. ಇತ್ತೀಚೆಗೆ ಪೆಟ್ರೋಲಿಗೆ ಸೇರುತ್ತಿರುವ ಎಥನಾಲ್ ಗಾಳಿಯ ತೇವ ಹೀರುವುದರಿಂದ, ಬೆರೆಸಿದ ಇಂಧನವನ್ನು ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡುವ ಹಳೆಯ ರೂಢಿಯೂ ಈಗ ಸಲ್ಲದು.