ರಕ್ತಕ್ಕೊಂದು ಬಾಗಿಲು

ಡಯಾಲಿಸಿಸ್ ಎಂದು ಇಂದು ಮನೆಮಾತಾಗಿರುವ ಚಿಕಿತ್ಸೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಯಂತ್ರದ ವರ್ಣನೆಯಿಂದ ಆರಂಭಿಸುತ್ತಾರೆ. ಆದರೆ ರಕ್ತವನ್ನು ಶೋಧಿಸುವುದಕ್ಕಿಂತಲೂ ಅದನ್ನು ಮೈಯಿಂದ ಹೊರತಂದು ಮರಳಿ ಒಳಗೆ ಸೇರಿಸುವ ದಾರಿಯನ್ನು ಕಾಣುವುದೇ ಕಠಿಣವಾಗಿತ್ತು.

1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರು ಸಾಸೇಜಿನ ಹೊದಿಕೆಯಾದ ಸೆಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಶೋಧಕಯಂತ್ರವನ್ನು ನಿರ್ಮಿಸಿದರು. ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳೊಬ್ಬಳಿಗೆ ಹನ್ನೆರಡು ಬಾರಿ ಚಿಕಿತ್ಸೆ ನಡೆಯಿತು. ಕೊನೆಗೆ ಬಳಸಲು ರಕ್ತನಾಳವೇ ಉಳಿಯಲಿಲ್ಲ. ಯಂತ್ರ ಸಿದ್ಧವಾಗಿತ್ತು, ಆಕೆ ತೀರಿಕೊಂಡಳು.

1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಅಪಧಮನಿಗೊಂದು, ಅಭಿಧಮನಿಗೊಂದು ಟೆಫ್ಲಾನ್ ನಳಿಕೆಯನ್ನು ಶಾಶ್ವತವಾಗಿ ಸೇರಿಸಿ, ಚಿಕಿತ್ಸೆಯಿಲ್ಲದ ವೇಳೆಯಲ್ಲಿ ಎರಡನ್ನೂ ಮೈಯ ಹೊರಗೇ ಜೋಡಿಸಿಟ್ಟರು. ಅವರ ಮೊದಲ ರೋಗಿ ಮತ್ತೆ ಹನ್ನೊಂದು ವರ್ಷ ಬದುಕಿದ. ಆದರೂ ಚರ್ಮವನ್ನು ತೂರಿ ಬಂದ ನಳಿಕೆಗೆ ನಂಜು, ಹೆಪ್ಪುಗಳ ಕಾಟ ತಪ್ಪಲಿಲ್ಲ.

ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು ನ್ಯೂಯಾರ್ಕಿನ ಜೇಮ್ಸ್ ಚಿಮಿನೊ ಅವರಿಗೆ. ವಿದ್ಯಾರ್ಥಿದೆಸೆಯಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಗ, ಕೊರಿಯಾ ಯುದ್ಧದಲ್ಲಿ ಗಾಯಗೊಂಡು ಅಪಧಮನಿ ಅಭಿಧಮನಿಗಳು ತಾವಾಗಿ ಕೂಡಿಕೊಂಡ ಸೈನಿಕರ ತೋಳುಗಳಲ್ಲಿ ನಾಳಗಳು ಉಬ್ಬಿ ನಿಂತಿದ್ದುದನ್ನು ಅವರು ಕಂಡಿದ್ದರು. ಗುಂಡು ಮಾಡಿದ್ದನ್ನು ಕತ್ತರಿ ಏಕೆ ಮಾಡಬಾರದು? 1965ರ ಫೆಬ್ರವರಿಯಲ್ಲಿ ಶಸ್ತ್ರವೈದ್ಯ ಕೆನ್ನೆತ್ ಆಪೆಲ್ ಮಣಿಕಟ್ಟಿನ ಎರಡು ನಾಳಗಳನ್ನು ಹೊಲಿದು ಕೂಡಿಸಿದರು; ಮರುವರ್ಷ ಬ್ರೆಷಿಯಾ ಮೊದಲಾದವರೊಡನೆ ಅದರ ವರದಿ ಪ್ರಕಟವಾಯಿತು. ಹೊರಗಿನ ವಸ್ತುವೊಂದನ್ನೂ ಮೈಯಲ್ಲಿ ಉಳಿಸಬೇಕಿರಲಿಲ್ಲ. ಇದಕ್ಕೆ ಫಿಸ್ಟುಲಾ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ಕೊಳವೆಯೆಂದೂ ಕೊಳಲೆಂದೂ ಅರ್ಥ. ನಮ್ಮಲ್ಲಿಯೂ ಇವೆರಡು ಒಂದೇ ಬಳ್ಳಿಯ ಮಾತುಗಳಲ್ಲವೆ!

ಈ ಕೊಳಲು ನುಡಿಯುತ್ತದೆ ಕೂಡ. ಅಪಧಮನಿಯ ರಭಸ ಅಭಿಧಮನಿಗೆ ನುಗ್ಗುವಾಗ ಬೆರಳಿಗೆ ಸಣ್ಣ ಝೇಂಕಾರ ಸಿಗುತ್ತದೆ. ನಾಳ ದಪ್ಪವಾಗಿ ಸೂಜಿಯನ್ನು ತಾಳಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅನಂತರ ಆ ತೋಳು ಬೇರೆ ಕೆಲಸಕ್ಕಿಲ್ಲ: ಅದರಲ್ಲಿ ರಕ್ತದೊತ್ತಡ ನೋಡಬಾರದು, ಪರೀಕ್ಷೆಗೆಂದು ರಕ್ತ ತೆಗೆಯಬಾರದು, ಬಿಗಿ ಬಳೆ, ಗಡಿಯಾರದ ಪಟ್ಟಿ, ಭಾರದ ಚೀಲ ಯಾವುದೂ ಕೂಡದು, ಅದರ ಮೇಲೆ ತಲೆಯಿಟ್ಟು ಮಲಗಲೂಬಾರದು. ನಮ್ಮ ಹೆಣ್ಣುಮಕ್ಕಳಿಗೆ ಬಳೆ ತೆಗೆಯಿರೆನ್ನುವುದು ಎಷ್ಟು ಕಷ್ಟದ ಮಾತೆಂಬುದನ್ನು ನ್ಯೂಯಾರ್ಕಿನ ವೈದ್ಯರು ಊಹಿಸಿರಲಾರರು.

ಬೆಳಗ್ಗೆ ಎದ್ದೊಡನೆ ರೋಗಿ ಅಲ್ಲಿ ಬೆರಳಿಟ್ಟು ನೋಡಿಕೊಳ್ಳಬೇಕು. ಝೇಂಕಾರ ನಿಂತಿದ್ದರೆ ಹೆಪ್ಪುಗಟ್ಟಿರುವ ಸಂಭವವುಂಟು. ಮುಂದಿನ ಸರದಿಯ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.