ಕಪಾಟು ಮತ್ತು ವೇದಿಕೆ: ಕಾಸರಗೋಡಿನ ಗ್ರಂಥಾಲಯ ಸಂಜೆಗಳು

ಕೇರಳದ ಗ್ರಾಮಗ್ರಂಥಾಲಯದಲ್ಲಿ ಸಂಜೆಯು ಓದಿನ ವೇಳೆ ಮಾತ್ರವಲ್ಲ. ಹಾಡು, ನಾಟಕ, ಚಿತ್ರಕಲೆ, ಚರ್ಚೆಗಳ ವೇಳೆಯೂ ಹೌದು. ಕಾಸರಗೋಡಿನಲ್ಲಿ ಈ ರೂಢಿಯನ್ನು ಅರಿಯಲು ಅಲ್ಲಿ ಕೂಡಿದ ಎರಡು ಪರಂಪರೆಗಳನ್ನು ಗಮನಿಸಬೇಕು.

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಎಸ್. ಆರ್. ರಂಗನಾಥನ್ ಅವರ ಪ್ರೇರಣೆಯಿಂದ ರೂಪುಗೊಂಡ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಗ್ರಂಥಾಲಯವನ್ನು ಕರದ ಆಧಾರದ ಮೇಲೆ ಜಿಲ್ಲಾ ಪ್ರಾಧಿಕಾರವು ನಡೆಸಬೇಕಾದ ಸೇವೆಯೆಂದು ಪರಿಗಣಿಸಿತು. ತಿರುವಾಂಕೂರಿನ ಕ್ರಮ ಬೇರೆ. ಅಲ್ಲಿ 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ ಊರೂರ ಗ್ರಂಥಾಲಯಗಳೇ ಕೂಡಿ ಸಂಘ ಕಟ್ಟಿದವು. ಊರವರು ಕಟ್ಟಿದ ಸಂಸ್ಥೆಯೊಳಗೆ ಊರವರ ಕಲೆಯೂ ಸಹಜವಾಗಿ ಬಂದಿತು. 1989ರ ಕೇರಳ ಕಾಯಿದೆಯಿಂದ ಸಂಘದ ಸ್ಥಾನಕ್ಕೆ ಗ್ರಂಥಾಲಯ ಮಂಡಳಿ ಬಂದರೂ ಬಾಲವೇದಿ, ವನಿತಾವೇದಿಗಳ ಮೂಲಕ ಈ ಗುಣ ಉಳಿದಿದೆ.

ಗಡಿನಾಡಿನ ಕನ್ನಡಕ್ಕೆ ಇದರ ಅರ್ಥವೇನು? ವೇಷ, ರಂಗಸಜ್ಜಿಕೆಗಳನ್ನು ಬೇಡದ ತಾಳಮದ್ದಳೆಯು ವಾಚನಾಲಯದ ಕೋಣೆಗೆ ಹೊಂದಿಕೊಳ್ಳಬಲ್ಲ ಕಲೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಅದನ್ನು ಕೇಳುವವರ ಮನೆಮಾತು ತುಳು, ಮಲಯಾಳಂ, ಕೊಂಕಣಿ, ಮರಾಠಿ ಯಾವುದೂ ಆಗಿರಬಹುದು. ಪುಸ್ತಕಗಳ ದಾಖಲೆಯೊಂದನ್ನೇ ನೋಡುವ ಇತಿಹಾಸಕಾರನಿಗೆ ಈ ಕನ್ನಡ ಕಾಣದು.

ಆದರೆ ವೇದಿಕೆಯ ಕನ್ನಡಕ್ಕೆ ಕಿವಿ ಸಾಕು. ಕಪಾಟಿನ ಕನ್ನಡಕ್ಕೆ ಲಿಪಿಬಲ್ಲ ಓದುಗರು ಬೇಕು. ಸಂಜೆ ಪ್ರಸಂಗ ಕೇಳಿದ ಮಗುವಿಗೆ ಮರುದಿನ ಅದೇ ಕಟ್ಟಡದಲ್ಲಿ ಆ ಪ್ರಸಂಗದ ಪುಸ್ತಕ ದೊರೆತು, ಓದಲೂ ಬಂದರೆ ಮಾತ್ರ ಎರಡು ಪರಂಪರೆಗಳು ಕೂಡಿದಂತೆ. ಇಲ್ಲವಾದರೆ ಕನ್ನಡವು ಗ್ರಂಥಾಲಯಕ್ಕೆ ಸಂಜೆಯ ಅತಿಥಿ ಮಾತ್ರ.